ವಿಸ್ತೀರ್ಣ ಕೊಟ್ಟಿಲ್ಲ

ಶಿಡ್ಲಘಟ್ಟದ ಕಾಲೇಜು, ಮಧ್ಯಾಹ್ನದ ಕೊನೆಯ ಪಿರಿಯಡ್ಡು.
ಕಿಟಕಿಯಾಚೆ ಯಾರದೋ ಫಿಲೇಚರು
ಬೆಂದ ರೇಷ್ಮೆಗೂಡಿನ ವಾಸನೆ ಕಳಿಸುತ್ತಿದೆ.
ಹೊಸಬರು ಮೂಗು ಮುಚ್ಚುತ್ತಾರೆ,
ಇಲ್ಲೇ ಹುಟ್ಟಿದವರಿಗೆ ಅದು ಗಾಳಿ, ಅಷ್ಟೆ.

ಬೋರ್ಡಿನ ಮೇಲೆ ಎರಡು ಗೆರೆ ಎಳೆದೆ,
ಒಂದರ ಪಕ್ಕ ಪ್ಲಸ್ಸು, ಒಂದರ ಪಕ್ಕ ಮೈನಸ್ಸು.
ನಡುವೆ ಎರಡು ಮಿಲಿಮೀಟರು, ಬರೀ ನಿರ್ವಾತ.
ವಿಭವಾಂತರ ಇನ್ನೂರು ವೋಲ್ಟು.
ಮೇಲ್ಮೈ ಆವೇಶ ಸಾಂದ್ರತೆ ಎಷ್ಟು?

ಮೂರನೇ ಬೆಂಚಿನ ತಸ್ಕೀನಾ ಎದ್ದು ನಿಂತಳು:
"ಸರ್, ಲೆಕ್ಕ ತಪ್ಪಾಗಿದೆ. ವಿಸ್ತೀರ್ಣ ಕೊಟ್ಟಿಲ್ಲ."
ಕೊಡುವುದಿಲ್ಲ, ಅಂದೆ.
"ಮತ್ತೆ ಯಾತರಿಂದ ಭಾಗಿಸೋದು?"

ಇಪ್ಪತ್ತೆರಡು ವರ್ಷದ ಪಾಠ, ಉತ್ತರ ನಾಲಿಗೆಯ ತುದಿಯಲ್ಲೇ ಇದೆ:
ಧಾರಕತೆಯ ಸೂತ್ರದೊಳಗೆ ಒಂದು ವಿಸ್ತೀರ್ಣ,
ಸಾಂದ್ರತೆಯ ಕೆಳಗೆ ಇನ್ನೊಂದು,
ಮೇಲಿನದು ಕೆಳಗಿನದನ್ನು ತಿಂದುಹಾಕುತ್ತೆ.
ಸೀಮೆಸುಣ್ಣದಲ್ಲಿ ಎರಡು ಅಡ್ಡಗೀಟು.
ಎಲ್ಲರೂ ಬರೆದುಕೊಂಡರು. ಅವಳು ಬರೆದುಕೊಳ್ಳಲಿಲ್ಲ.

ಅವಳಪ್ಪ ರೀಲರು, ನೂಲು ಬಿಚ್ಚುವವರು.
"ಈ ವಾರ ನಿಮ್ಮಲ್ಲಿ ರೆಂಡಿಟ್ಟಾ ಎಷ್ಟು?" ಅಂದೆ.
ತಟ್ಟನೆ, "ಏಳೂವರೆ ಸರ್."
ಏಳೂವರೆ ಕಿಲೋ ಗೂಡಿಗೆ ಒಂದು ಕಿಲೋ ನೂಲು.
"ಐವತ್ತು ಕಿಲೋ ತಂದರೆ?"
"ಏಳೂವರೆ."
"ಮೂರು ಕ್ವಿಂಟಾಲ್ ತಂದರೆ?"
"ಅದೇ ಲಾಟಾದರೆ ಅದೇ…"
ಬಾಯಿ ತೆರೆದವಳು ಹಾಗೇ ನಿಂತಳು.
"ತಂದದ್ದೆಷ್ಟು ಅಂತ ಅದು ಕೇಳೋದೇ ಇಲ್ಲ ಸರ್."

ಕೇಳುವುದಿಲ್ಲ. ತಗಡು ಊಟದ ತಟ್ಟೆಯಷ್ಟಿರಲಿ,
ಗೂಡು ಮಾರುಕಟ್ಟೆಯ ಅಂಗಳದಷ್ಟಿರಲಿ,
ಒಂದು ಚದರ ಮೀಟರಿನ ಪಾಲು ಒಂದೇ.
ಇನ್ನೂರನ್ನು ಎರಡು ಮಿಲಿಮೀಟರಿನಿಂದ ಭಾಗಿಸು, ಒಂದು ಲಕ್ಷ.
ಎಪ್ಸಿಲಾನ್ ಸೊನ್ನೆಯಿಂದ ಗುಣಿಸು:
ಎಂಟು ಪಾಯಿಂಟ್ ಎಂಟು ಐದು, ಹತ್ತರ ಮೈನಸ್ ಏಳನೇ ಘಾತ.
ಅದು ಕೇಳುವುದು ಎರಡೇ,
ಒತ್ತಡ ಎಷ್ಟು, ದೂರ ಎಷ್ಟು.

ಕೈ ಕೊಡವಿಕೊಂಡೆ. ಅವಳಿನ್ನೂ ಕೂತಿರಲಿಲ್ಲ.

"ಆವೇಶ ಯಾವ ಮಗ್ಗುಲಲ್ಲಿರುತ್ತೆ ಸರ್?"
ಒಳಗಡೆ. ಒಂದಕ್ಕೊಂದು ಮುಖ ಮಾಡಿದ ಕಡೆ.
"ಹೊರಗಡೆ?"
ಏನೂ ಇರುವುದಿಲ್ಲ.
"ಹಾಗಾದ್ರೆ ನಮ್ಮನೆ ಗೋಡೆ ಸರ್," ಅಂದಳು,
ಹಿಂದಿನ ಬೆಂಚು ಗೊಳ್ಳೆಂದಿತು.

ಅಬ್ಬಾ, ಚಾಚಾ ಶೆಡ್ಡು ಪಾಲು ಮಾಡಿಕೊಂಡದ್ದು ಹೋದ ರಂಜಾನಿನ ಮುಂಚೆ.
ಬಾಯ್ಲರು ಇವರಿಗೆ, ಚರಕಗಳು ಅವರಿಗೆ.
ಒಂದು ಸಾಲದೆ ಎರಡು ಗೋಡೆ, ಬೇರೆ ಬೇರೆ ಖರ್ಚಿನಲ್ಲಿ;
ನಡುವಿನ ಸಂದಿಯಲ್ಲಿ ಬೆಕ್ಕು ಹೋದರೆ ಹೆಚ್ಚು.
ಬೀದಿಯ ಕಡೆ ಇಬ್ಬರದೂ ಒಂದೇ ಹಸಿರು ಬಣ್ಣ,
ಬಂದವರಿಗೆ ಇಬ್ಬರೂ ಚಹಾ ಕೊಡುತ್ತಾರೆ, ನಗುತ್ತಾರೆ.
ಒಳಮುಖಕ್ಕೆ ಗಾರೆಯೂ ಇಲ್ಲ, ಬರೀ ಇಟ್ಟಿಗೆ.

ಆವೇಶ. ಯಾರು ಆರಿಸಿದರೋ ಆ ಪದವನ್ನು ಪಠ್ಯಕ್ಕೆ,
ಇಷ್ಟು ವರ್ಷ ನಾನದನ್ನು ಬರೀ ಕೂಲಂಬು ಅಂತ ಓದಿದ್ದೆ.

"ಜಾಗ ದೊಡ್ಡದಿದ್ದಿದ್ರೆ ಜಗಳ ಆಗ್ತಿರಲಿಲ್ಲ ಅಂತಾಳೆ ದಾದಿ."
ನಾನೇನೂ ಅನ್ನಲಿಲ್ಲ.
ಅವಳೇ ಬೋರ್ಡು ನೋಡಿದಳು, ಬಹಳ ಹೊತ್ತು,
ಗೀಟು ಹೊಡೆಸಿಕೊಂಡ ಆ ಎರಡು ವಿಸ್ತೀರ್ಣಗಳನ್ನು.

ಬೆಲ್ಲಿಗೆ ಮುಂಚೆ ಒಂದು ಮಾತು ಸೇರಿಸಿದೆ:
ತಗಡಿಗೆ ಕೊನೆಯಿಲ್ಲ ಅಂದುಕೊಂಡು ಮಾಡಿದ ಲೆಕ್ಕ ಇದು.
ನಿಜದ ತಗಡಿಗೆ ಅಂಚಿರುತ್ತೆ,
ಅಂಚಿನಲ್ಲಿ ಬಲರೇಖೆಗಳು ನೆಟ್ಟಗಿರುವುದಿಲ್ಲ,
ಹೊರಕ್ಕೆ ಬಾಗಿ, ಸುತ್ತಿಕೊಂಡು, ಆಚೆಯದನ್ನು ಮುಟ್ಟುತ್ತವೆ.
ಪರೀಕ್ಷೆಗೆ ಬೇಡ.

ಅದನ್ನು ಅವಳು ಬರೆದುಕೊಂಡಳು.

ಕಿರುಪರೀಕ್ಷೆಯಲ್ಲಿ ಮೂರಕ್ಕೆ ಎರಡೂವರೆ.
ಉತ್ತರ ಸರಿಯಿತ್ತು, 'ಪ್ರತಿ ಚದರ ಮೀಟರಿಗೆ' ಬಿಟ್ಟುಹೋಗಿತ್ತು.
ಬೆಂಚಿನ ಮೇಲೆ ಅವಳು ಮರೆತ ಲಾಗ್ ಟೇಬಲ್,
ರಟ್ಟಿನ ಮೇಲೆ ಬೇರೆ ಹೆಸರು:
ಮುಜಮ್ಮಿಲ್, ಬಿ ಸೆಕ್ಷನ್. ಚಾಚಾನ ಮಗ.

ಮಾರನೆಯ ದಿನ ಅವಳ ಕೈಗೇ ಕೊಟ್ಟೆ.
ನಿಮ್ಮ ಗೋಡೆ ಎಲ್ಲಿ ಮುಗಿಯುತ್ತೆ
ಅಂತ ಕೇಳಲು ಹೋಗಲಿಲ್ಲ.